ವಿಮಾನ ಹತ್ತಿದ ಹಲಗೆ

ನಮ್ಮ ಅತ್ತೆ ಕಟ್ಟಿಕೊಟ್ಟ ವಸ್ತು ದಾರಿಯಲ್ಲಿ ಒಡೆಯುವುದಿಲ್ಲ. ಊರು ಮುಟ್ಟಿದ ಮೇಲೆ ಬಿಚ್ಚುವುದಕ್ಕೂ ಬರುವುದಿಲ್ಲ. ಮಳಗಿ ಎಂಬ ಊರಿನ ಬೀಗರಿಗೆ ಒಮ್ಮೆ ಉಪ್ಪಿನಕಾಯಿ ಭರಣಿ ಕಳಿಸಿದ್ದಳು. ಮೊದಲು ಹುಲ್ಲು, ಮೇಲೆ ಗೋಣಿತಟ್ಟು, ಅದರ ಮೇಲೆ ಹಗ್ಗ. ಅವರು ಕುಡುಗೋಲು ಹಿಡಿದು ಭರಣಿಯ ತನಕ ಇಳಿಯುವಷ್ಟರಲ್ಲಿ ಮರುವರ್ಷದ ಮಾವಿನಕಾಯಿ ಬಂದಿತ್ತಂತೆ!

ಈಕೆ ನನ್ನ ತಂದೆಯ ಅಕ್ಕ. ಅರವತ್ತರ ದಶಕದ ಮೊದಲಲ್ಲಿ ನಾನು ದಾಂಡೇಲಿಯ ಗಿರಣಿಯೊಂದರಲ್ಲಿ ಗುಮಾಸ್ತನಾಗಿ ಸೇರಿದಾಗ, ನನ್ನ ಊಟ ನೋಡಿಕೊಳ್ಳಲು ಬಂದಳು. ಬಂದ ವಾರದಲ್ಲೇ ನಮ್ಮ ಕಂದೀಲಿನ ಗಾಜಿಗೆ ಒಂದು ಕುಲಾಯಿ ಹೊಲಿದಳು. ಬೆಳಕು? ಅದನ್ನು ನೀವು ಕೇಳಬಾರದು.

ಆಗ ನಮ್ಮ ಪಕ್ಕದ ಮನೆಯಲ್ಲಿ ಆಸ್ಟ್ರೇಲಿಯದಿಂದ ಬಂದ ತರುಣ ಇಂಜಿನಿಯರ್ ಒಬ್ಬನಿದ್ದ. ಆಳೆತ್ತರವನ್ನೂ ಮೀರಿದ ಒಂದು ಹಲಗೆ ತಂದಿದ್ದ. ರಜೆ ಬಂದರೆ ಅದನ್ನು ಜೀಪಿನ ನೆತ್ತಿಗೆ ಕಟ್ಟಿ, ಜೋಯಿಡಾ ದಾಟಿ, ಕಾರವಾರದ ಸಮುದ್ರಕ್ಕೆ ಓಡುತ್ತಿದ್ದ. ಪುರಸೊತ್ತು ಇಲ್ಲದಿದ್ದರೆ ಮೌಳಂಗಿಯ ಹತ್ತಿರ ಕಾಳಿ ಹೊಳೆಯಲ್ಲೇ ಅದರ ಮೇಲೆ ಬೋರಲು ಮಲಗಿ ಕೈಯಿಂದ ಹುಟ್ಟು ಹಾಕುತ್ತಿದ್ದ. ಸಾಹೇಬ ಇಸ್ತ್ರಿ ಮೇಜಿನ ಮೇಲೆ ಈಜುತ್ತಾನೆಂದು ಊರೆಲ್ಲ ಸುದ್ದಿ.

"ಅದರ ಮ್ಯಾಲೆ ನಿಂತು ತೆರಿ ಹತ್ತತಾನತ್ತಿ," ಎಂದು ನಾನು ವಿವರಿಸಿದೆ.

"ಯಾಕ, ಅವರೂರಾಗ ನಿಂದ್ರಾಕ ನೆಲಾ ಇಲ್ಲೇನು?" ಎಂದಳು ಅತ್ತೆ.

ಒಂದು ದಿನ ಅವನಿಗೆ ತಂತಿ ಬಂತು. ತಂದೆ ತೀರಿಕೊಂಡಿದ್ದರು. ಎಷ್ಟು ಅವಸರ ಮಾಡಿದರೂ ಅಂತ್ಯಕ್ರಿಯೆಗೆ ಮುಟ್ಟುವಂತಿರಲಿಲ್ಲ. ಕೈಲಿದ್ದ ಯಂತ್ರ ಕೂಡಿಸಿ ಮುಗಿಸಿ, ಹೊರಟು ನಿಂತ. ಹಲಗೆಯನ್ನು ಮಾತ್ರ ನನ್ನ ಬಳಿಯೇ ಬಿಡುತ್ತೇನೆಂದ. ಹಗುರವಾದ ಮರ ಕೆತ್ತಿ, ಗಾಜಿನಂಥ ಲೇಪ ಕೊಟ್ಟು ಅದನ್ನು ಮಾಡಿದ್ದೇ ಅವನ ತಂದೆಯಂತೆ. ಬರುವಾಗ ವಿಮಾನದವರ ಕೈಯಲ್ಲಿ ಅದರ ಮೂತಿ ಒಡೆದಿತ್ತಂತೆ. "ಈ ಸಲ ಒಡೆದರೆ ಸರಿಮಾಡಲು ಅಪ್ಪ ಇಲ್ಲ," ಎಂದ. ಅದನ್ನು ನಾನು ಕನ್ನಡದಲ್ಲಿ ಅತ್ತೆಗೆ ಹೇಳಿದ್ದೇ ತಡ, ಒಡೆಯದ ಹಾಗೆ ತಾನೇ ಕಟ್ಟಿಕೊಡುತ್ತೇನೆಂದು ಅವಳು ಸೆರಗು ಬಿಗಿದಳು.

"ಮ್ಯಾಲಿನ ಹಾದಿ ಹೆಂಗೈತಿ? ನಮ್ಮ ಹಳಿಯಾಳ ಹಾದಿ ಹಂಗ ಐತೇನು?"

"ಮ್ಯಾಲೆ ಹಾದೀನ ಇಲ್ಲತ್ತಿ."

"ಹಾದೀನ ಇಲ್ಲಂದ್ರ ಇನ್ನೂ ಜಾಸ್ತಿ ಕುಲುಕತೈತಿ, ಬಿಡು."

ಜೀಪು ರಿಪೇರಿ ಮಾಡುವ ಖಾದರ ಮಿಸ್ತ್ರಿ ತಿದ್ದಿದ. "ಕುಲುಕೂದರಿಂದ ಅಲ್ರಿ ಅವ್ವಾರ. ಇಳಸೂ ಮಂದಿ ಒಗೀತಾರ, ಅದಕ್ಕ ಒಡೀತೈತಿ."

"ಹಂಗಾರ ನಾವೂ ಒಗದು ನೋಡೂಣು."

ಖಾದರನಿಂದ ಒಂದು ಹಳೆಯ ಹಲಗೆ ತರಿಸಿ, ಅದಕ್ಕೆ ಕೌದಿ ಸುತ್ತಿದಳು. ಒಳಗೆ ಪೆಟ್ಟು ಬಿತ್ತೋ ಇಲ್ಲವೋ ತಿಳಿಯುವುದು ಹೇಗೆ? ಮೂತಿಯ ಹತ್ತಿರ ಕೋಳಿ ತತ್ತಿ ಇಡಬೇಕೆಂದಳು! ಅಂಗಳದಲ್ಲಿ ತತ್ತಿಯ ಸಿಪ್ಪೆ ಕಂಡರೂ ನೀರು ಸುರಿದು ತೊಳೆಯುವ ಲಿಂಗವಂತರ ಹೆಣ್ಣುಮಗಳು ಅವಳು. ಖಾದರ ತತ್ತಿ ಇಟ್ಟ. ಅವಳು ಮುಖ ಆಚೆ ತಿರುಗಿಸಿ ಹಗ್ಗ ಬಿಗಿದಳು. ಜೀಪಿನ ನೆತ್ತಿಯಿಂದ ಗಂಟನ್ನು ಕೆಡವಿದೆವು. ಕೌದಿಯಿಂದ ಹಳದಿ ಸೋರಿತು.

"ವಿಮಾನಕ್ಕಲ್ರಿ, ಆಮ್ಲೇಟಿಗೆ ತಯಾರಾತು," ಎಂದ ಖಾದರ.

ಅತ್ತೆ ಸೋಲಲಿಲ್ಲ. ಎರಡೂ ತುದಿಗೆ ಹುಲ್ಲಿನ ದಪ್ಪ ಸಿಂಬಿ ಕಟ್ಟಿದಳು. ಅಂಚಿನುದ್ದಕ್ಕೂ ಸೀಳಿದ ಬಿದಿರು ಇರಿಸಿದಳು. ಖಾದರ ಹೊಸ ತತ್ತಿ ಇಟ್ಟ. ಮತ್ತೆ ಕೆಡವಿದೆವು. ಬಿಚ್ಚಿದರೆ ತತ್ತಿ ತಣ್ಣಗೆ ಕೂತಿತ್ತು. ನಾನೂ ಖಾದರನೂ ಸಾಹೇಬನೂ ಅಂಗಳದಲ್ಲಿ ಕುಣಿದೆವು. ಮರುದಿನ ನಿಜವಾದ ಹಲಗೆಗೂ ಅದೇ ಉಪಚಾರ. ಅದರ ಹಿಂಭಾಗದಲ್ಲಿ ಮೀನಿನಂಥ ಒಂದು ರೆಕ್ಕೆ ಇತ್ತು. ಅದಕ್ಕೊಂದು ಬಿದಿರಿನ ಬುಟ್ಟಿ ಬೋರಲು ಹಾಕಿದಳು.

ಬೆಳಗಾವಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಈ ಗಂಟು ನೋಡಿ ಹೌಹಾರಿದ. "ಒಳಗ ಯಾರದಾರ?"

"ಇವರಪ್ಪ ಮಾಡಿದ್ದೈತ್ರಿ. ಸಾವಕಾಶ ಹಿಡೀರಿ," ಎಂದಳು ಅತ್ತೆ.

ತೂಗಿದರು. ತೂಕ ಹೆಚ್ಚಾಯಿತು. ಬಿಚ್ಚಿ ಹಗುರ ಮಾಡಿ ಎಂದರು. ಅತ್ತೆಯ ಮುಖ ಸಣ್ಣದಾಯಿತು. ಸಾಹೇಬ ತನ್ನ ಟ್ರಂಕನ್ನು, ಅದರೊಳಗಿನ ಕೋಟು ಬೂಟು ಸಮೇತ, ಖಾದರ ಓಡಿಸಿಕೊಂಡು ಬಂದಿದ್ದ ಜೀಪಿಗೆ ವಾಪಸು ಹಾಕಿಬಿಟ್ಟ. ಹಲಗೆ ಸವಾರಿ ಹೊರಟಿತು. ಅದನ್ನು ಹೊತ್ತವರಿಗೆ ಅತ್ತೆ ಬೇಲಿಯ ಈಚೆಯಿಂದ "ಮೂತಿ ಎತ್ರಿ, ಬಾಲಾ ಇಳಸ್ರಿ" ಎಂದು ಕೂಗುತ್ತಲೇ ಇದ್ದಳು. ಅವರೂ ಮದುಮಗನನ್ನು ಕರೆದೊಯ್ಯುವಂತೆ ಮೆಲ್ಲಗೆ ಒಳಗೆ ಸೇರಿಸಿದರು. ನಾವು ಗೆದ್ದಿದ್ದೆವು.

ಆಮೇಲೆ ಸಾಹೇಬ ನಮ್ಮ ಕೈಕುಲುಕಿ, ತೆಳ್ಳನೆಯ ಅಂಗಿಯಲ್ಲಿ, ಬೆಳಗಿನ ಗಾಳಿಗೆ ತೋಳು ಕಟ್ಟಿಕೊಂಡು ಒಬ್ಬನೇ ನಡೆದ. ಅತ್ತೆಯ ಕೂಗು ನಿಂತಿತು.

"ಹಲಗಿಗೆ ಇಷ್ಟೆಲ್ಲಾ ಸುತ್ತಿದ್ನಲ್ಲೋ ತಮ್ಮಾ," ಎಂದಳು ನನಗೆ. "ಆ ಹುಡುಗಗ ಏನೂ ಹೊಚ್ಚಲಿಲ್ಲ. ಅಪ್ಪ ಇಲ್ಲದ ಮನಿಗೆ ಹೊಂಟಾನ."

ನಾನು ತಡೆಯುವುದರೊಳಗೆ ಅವಳು ಕಾವಲುಗಾರನನ್ನು ದಾಟಿ ಓಡಿದ್ದಳು. ನಾನೂ ಹಿಂದೆ ಓಡಿದೆ. ವಿಮಾನದ ಮೆಟ್ಟಿಲ ಬುಡದಲ್ಲಿ ಅವನನ್ನು ನಿಲ್ಲಿಸಿ, ತನ್ನ ಉಣ್ಣೆಯ ಶಾಲು ತೆಗೆದು ಅವನ ಹೆಗಲಿಗೆ ಹೊದಿಸಿದಳು.

"ಮೊದಲ ಅವ್ವನ ಕೂಡ ಕುಂತು ಉಣ್ಣಪಾ. ಹಲಗಿ ಆಮ್ಯಾಲೆ ಬಿಚ್ಚು," ಎಂದಳು.

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ತಂತಿ ಬಂದಾಗಿನಿಂದ ಒಂದು ಹನಿ ಕಣ್ಣೀರು ಹಾಕದ ಹುಡುಗ, ನಮ್ಮ ಕುಳ್ಳಿ ಅತ್ತೆಯ ಹೆಗಲಿಗೆ ಬಾಗಿ ಅತ್ತುಬಿಟ್ಟ. ಮೆಟ್ಟಿಲ ಬಳಿಯ ಅಧಿಕಾರಿ ಗಡಿಯಾರ ನೋಡಿಕೊಂಡ. ಆಮೇಲೆ ಟೋಪಿ ತೆಗೆದು ಕೈಯಲ್ಲಿ ಹಿಡಿದು, ಕಾಯುತ್ತ ನಿಂತ.