ನಾಲ್ಕಡಿ ಮೇಲಿನ ಬಸಳೆ

ಕುಮಟಾ ತಾಲೂಕಿನ ಕಾಗಾಲದಲ್ಲಿ, ಸೊಪ್ಪು ಮಾರುವ ಗಣಪಿಯ ಹಿತ್ತಲ ಮಣ್ಣಿನಲ್ಲಿ ಸೀಸವಿದೆಯೆಂದು ೧೯೮೪ರ ಶ್ರಾವಣದಲ್ಲಿ ಅಧಿಕೃತವಾಗಿ ಒಪ್ಪಲಾಯಿತು. ಪಕ್ಕದ ಶೆಡ್ಡಿನಲ್ಲಿ ಲಾರಿಯ ಹಳೆ ಬ್ಯಾಟರಿ ಒಡೆದು, ಸೀಸ ಕರಗಿಸಿ, ಮೀನುಬಲೆಗೆ ಕಟ್ಟುವ ಗುಂಡು ಎರಕ ಹೊಯ್ಯುತ್ತಿದ್ದರು. ಕೈಗಾರಿಕೆಗೆ ಅಡಚಣೆಯಾಗಬಾರದೆಂದು ಶೆಡ್ಡನ್ನು ಹಾಗೆಯೇ ಬಿಟ್ಟು, ಸುರಕ್ಷಿತ ಬೆಳೆ ಉಪಸಮಿತಿಯೊಂದನ್ನು ನೇಮಿಸಲಾಯಿತು.

ಗಣಪಿ ಮಾರಿ ಉಳಿದ ಹರಿವೆ, ಬಸಳೆ ಮನೆಯ ಅಡುಗೆಗೆ ಬರುತ್ತಿತ್ತು. ಐದು ವರ್ಷದ ಮೊಮ್ಮಗಳು ತಿಮ್ಮಿಗೆ ಮಳೆಗಾಲ ಹಿಡಿದಾಗಿನಿಂದ ಹೊಟ್ಟೆನೋವು.

ಉಪಸಮಿತಿಯ ಕಾರ್ಯದರ್ಶಿ ಮಾಬ್ಲೇಶ್ವರ ನಾಯ್ಕರು ಟೇಪು ಹಿಡಿದು ಬಂದರು. ಸೀಸ ಭಾರವಾದ ಲೋಹ. ಭಾರವಾದದ್ದು ಮೇಲೆ ಹತ್ತಲಾರದು. ಈ ತತ್ವದ ಮೇಲೆ ಅವರು ನಿಯಮ ಓದಿದರು:

“ನೆಲದಿಂದ ನಾಲ್ಕು ಅಡಿಗಿಂತ ಮೇಲಿರುವ ಸೊಪ್ಪು ಸುರಕ್ಷಿತ. ಕೆಳಗಿನದು ಅಲ್ಲ.”

“ಬಸಳೆ ಒಂದೇ ಬಳ್ಳಿ ಅಲ್ದಾ ಒಡೆಯಾ?” ಎಂದಳು ಗಣಪಿ.

“ಬಳ್ಳಿ ಒಂದೇ. ಎತ್ತರ ಬೇರೆ.”

“ಹರಿವೆ ಎಂತ ಮಾಡೂದು? ಅದು ಮೊಣಕಾಲಿಗಿಂತ ಮೇಲೆ ಬರೂದಿಲ್ಲ.”

“ಅಟ್ಟಣಿಗೆ ಕಟ್ಟು. ಮೇಲೆ ಮಣ್ಣು ಹಾಕು.”

“ಯಾವ ಮಣ್ಣು?”

“ನಿನ್ನ ಹಿತ್ತಲದ್ದೇ. ಹೊರಗಿನದಕ್ಕೆ ಪರವಾನಗಿ ಬೇಕು.”

ನೆರೆಮನೆಯ ಈರಮ್ಮ ಬೇಲಿಯಾಚೆಯಿಂದ ಕೇಳಿದಳು, “ಸಾಯಬ್ರೇ, ಗೆಣಸು ಹಾಕಲಕ್ಕಾ?”

“ಮರದಲ್ಲಿ ಬಿಟ್ಟರೆ ಅಡ್ಡಿಯಿಲ್ಲ.”

ಅಟ್ಟಣಿಗೆ ಎದ್ದಿತು. ಬಸಳೆ ಚಪ್ಪರಕ್ಕೆ ಮೊಹರಿನ ಫಲಕ ಬಂತು. ಕುಮಟೆಯ ಪೇಟೆಯಲ್ಲಿ ಗಿರಾಕಿಗಳು “ನಾಲ್ಕಡಿದಾ?” ಎಂದು ಕೇಳಿ, ಹೌದೆಂದರೆ ಚೌಕಾಸಿ ಮಾಡದೆ ಕೊಂಡರು.

ತಿಮ್ಮಿಯ ನೋವು ಮಾತ್ರ ನಿಲ್ಲಲಿಲ್ಲ. ಗಣಪಿ ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಾಯ್ಕರ ಕಚೇರಿಗೆ ಹೋದಳು.

“ಚಪ್ಪರದ್ದೇ ಹಾಕಿದ್ದೆ ಒಡೆಯಾ. ಕೂಸು ಉಂಡದ್ದೆಲ್ಲಾ ಕಕ್ತದೆ.”

ನಾಯ್ಕರು ಮಗುವನ್ನು ಗೋಡೆಗೆ ನಿಲ್ಲಿಸಿ ಅಳೆದರು. ಮೂರು ಅಡಿ ಎರಡು ಇಂಚು.

“ಸೊಪ್ಪಿನ ತಪ್ಪಿಲ್ಲ,” ಎಂದರು. “ಮಗುವೇ ಮಿತಿಯ ಕೆಳಗಿದೆ.”

“ಈಗ ಎಂತ ಮಾಡೂದು?”

“ಬೆಳೆಯಲಿ.”

ವರದಿಯಲ್ಲಿ ಹಾಗೆಯೇ ದಾಖಲಾಯಿತು. ನಾಲ್ಕಡಿಗಿಂತ ಗಿಡ್ಡ ಮಕ್ಕಳ ಕಾಯಿಲೆಗೆ ಉಪಸಮಿತಿ ಹೊಣೆಯಲ್ಲವೆಂದು ಶಾಲೆಗೆ ಸುತ್ತೋಲೆ ಹೋಯಿತು. ಊರವರು ಇದು ನ್ಯಾಯವೆಂದರು. ಎತ್ತರದ ಮಕ್ಕಳಿದ್ದವರು ಮೊದಲು ಅಂದರು.

ಗಣಪಿ ತಿಂಗಳಿಗೊಮ್ಮೆ ತಿಮ್ಮಿಯನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಇದ್ದಿಲಿನಲ್ಲಿ ಗೆರೆ ಎಳೆಯತೊಡಗಿದಳು. ಆರು ತಿಂಗಳು ಗೆರೆ ಒಂದೇ ಕಡೆ ಬಿತ್ತು. ಅಷ್ಟರಲ್ಲಿ ಊರಿನ ಉಳಿದ ಮನೆಯವರೂ ತಮ್ಮ ಮಕ್ಕಳಿಗೆಂದು ಒಂದೊಂದು ತುಂಡು ಇದ್ದಿಲು ತೆಗೆದಿಟ್ಟುಕೊಂಡಿದ್ದರು.