ಜಾಮೀನುದಾರನ ಕೆಮ್ಮು

ಸಾಲಗಾರರು ಬ್ಯಾಂಕಿನವರನ್ನು ಕಂಡರೆ ಸಂದಿ ಹಿಡಿದು ಓಡುವುದು ಲೋಕರೂಢಿ. ನಮ್ಮ ಸೋದರಮಾವನ ವಿಷಯದಲ್ಲಿ ಮಾತ್ರ ಬ್ಯಾಂಕಿನವರೇ ಓಡುತ್ತಿದ್ದರು! ನಂಬಿಕೆ ಬಾರದಿದ್ದರೆ ಕೊಟ್ಟೂರಿನಲ್ಲಿ ಯಾರನ್ನಾದರೂ ಕೇಳಿ.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿದವನು ಈ ಮಾವ. ಊರಲ್ಲಿ ಮಂಡಕ್ಕಿ ಭಟ್ಟಿ ಇಟ್ಟುಕೊಂಡಿದ್ದ. ಓದಿಗೂ ಬ್ಯಾಂಕು ಸಾಲ ಕೊಡುತ್ತದೆಂಬುದು ನಮ್ಮ ಕಡೆ ಇನ್ನೂ ಹೊಸ ಸುದ್ದಿಯಾಗಿದ್ದ ಕಾಲ. ನನಗೆ ದಾವಣಗೆರೆಯಲ್ಲಿ ಮೆಡಿಕಲ್ ಸೀಟು ಸಿಕ್ಕಾಗ ಜಾಮೀನಿಗೆ ಮಾವನೇ ಸಹಿ ಹಾಕಿದ. ನಾನು ಡಾಕ್ಟರಾಗಿ ಊರಲ್ಲೇ ಕ್ಲಿನಿಕ್ ತೆರೆದದ್ದೇ ತಡ, ಸಾಲ ತೀರಿಸುವ ಉಸ್ತುವಾರಿಯನ್ನೂ ತಾನೇ ವಹಿಸಿಕೊಂಡ.

ದಿನಾ ಬೆಳಿಗ್ಗೆ ಮಂಡಕ್ಕಿ, ಮಿರ್ಚಿಯ ಪೊಟ್ಟಣ ಹಿಡಿದು ಬ್ಯಾಂಕಿಗೆ ಹೊರಡುತ್ತಿದ್ದ. ಬ್ಯಾಂಕು ಮಹಡಿಯ ಮೇಲೆ. ಅರ್ಧ ಮೆಟ್ಟಿಲು ಹತ್ತಿ, ಗೋಡೆ ಹಿಡಿದು ನಿಂತು, ಅಲ್ಲಿದ್ದ ಟ್ರ್ಯಾಕ್ಟರ್ ಸಾಲದ ಜಾಹೀರಾತು ಓದುತ್ತಿದ್ದ. ದಿನಾ ಅದೇ ಜಾಹೀರಾತು! ಆಮೇಲೆ ಮ್ಯಾನೇಜರ ಎದುರು ಹಾಜರು.

"ಯಜಮಾನ್ರ, ಕಂತು ತಿಂಗಳಿಗೊಮ್ಮೆ ಕಟ್ಟಿದ್ರ ಸಾಕ್ರಿ. ದಿನಾ ಯಾಕ ಬರ್ತೀರಿ?"

"ಕಂತಿಗೆ ಯಾರು ಬಂದಾರ? ನಿಮ್ಮ ಆರೋಗ್ಯ ಹೆಂಗೈತಿ ಅಂತ ನೋಡಾಕ ಬಂದೀನಿ. ಮುಖ ಬಾಡೇತಲ್ರಿ, ನಮ್ಮ ಹುಡುಗಿ ಕ್ಲಿನಿಕ್ಕಿಗೆ ಬರ್ರಿ!"

ಕೊನೆಕೊನೆಗೆ ಮಾವನ ತಲೆ ಕಂಡರೆ ಸಾಕು, ಮ್ಯಾನೇಜರು ಲಾಕರ್ ಕೋಣೆಗೆ ನುಗ್ಗುತ್ತಿದ್ದರು.

ಬ್ಯಾಂಕಿನಲ್ಲಿ ರೋಗಿ ಸಿಗದಿದ್ದರೆ ಬಸ್ ಸ್ಟ್ಯಾಂಡು. ಕ್ಲಿನಿಕ್ಕಿಗೆ ನಾಲ್ಕು ಜನ ಬಂದರೆ ತಾನೆ ಕಂತು? ಕೂಡ್ಲಿಗಿಯಿಂದ ಬಂದ ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಅವರ ಕಥೆ ಮುಗಿಯಿತು. ಒಮ್ಮೆ ಗರಿಗರಿ ಅಂಗಿಯ ತರುಣನೊಬ್ಬನನ್ನು ತೋಳು ಹಿಡಿದು ಎಳೆತಂದ.

"ನನಗೇನೂ ಆಗಿಲ್ರಿ ಡಾಕ್ಟ್ರ. ಗಂಟಲಾಗ ಅಡಿಕಿ ಸಿಕ್ಕಿತ್ತು. ಹರಪನಹಳ್ಳಿಗೆ ಹೆಣ್ಣು ನೋಡಾಕ ಹೊಂಟಿದ್ದೆ, ಬಸ್ಸಿಂದ ಇಳಿಸ್ಯಾರ!" ಎಂದು ತರುಣ ಅಳುವಂತಾದ.

"ಹೆಣ್ಣು ಎಲ್ಲಿಗೂ ಹೋಗಂಗಿಲ್ಲ, ಮೊದ್ಲು ಬಿ.ಪಿ. ತೋರ್ಸು" ಎಂದ ಮಾವ. ಬಿ.ಪಿ. ನಿಜಕ್ಕೂ ಏರಿತ್ತು. ಏರದೆ ಏನು, ಏರಿಸಿದವನು ಪಕ್ಕದಲ್ಲೇ ನಿಂತಿದ್ದನಲ್ಲ!

ಊರವರ ಕೆಮ್ಮು ಹುಡುಕುತ್ತಿದ್ದ ಮಾವ ತನ್ನ ಕೆಮ್ಮನ್ನು ಮಾತ್ರ ನನಗೆ ತೋರಿಸುತ್ತಿರಲಿಲ್ಲ. ನಾಲ್ಕು ಹೆಜ್ಜೆಗೆ ಏದುಸಿರು ಬರುತ್ತಿತ್ತು. ಸ್ಟೆತಾಸ್ಕೋಪ್ ಹಿಡಿದು ಹೋದರೆ ಭಟ್ಟಿಯ ಹೊಗೆಯಲ್ಲಿ ಮಾಯ! "ಏ, ಜಾಮೀನುದಾರಗ ರೋಗ ಬರಂಗಿಲ್ಲವ್ವ" ಎಂಬ ದನಿಯಷ್ಟೇ ಹೊರಗೆ ಬರುತ್ತಿತ್ತು. ನನಗೆ ಸಿಟ್ಟು, ಅದಕ್ಕಿಂತ ಹೆಚ್ಚು ಭಯ.

ಕೊನೆಯ ಕಂತು ಕಟ್ಟಿದ ದಿನ ಮ್ಯಾನೇಜರೇ ಖುಷಿಯಿಂದ ಮಂಡಕ್ಕಿ ತರಿಸಿ ಮಾವನಿಗೆ ತಿನ್ನಿಸಿದರಂತೆ. ಅಲ್ಲಿಂದ ಮಾವ ಮನೆಗೆ ಹೋಗಲಿಲ್ಲ. ನೇರ ಕ್ಲಿನಿಕ್ಕಿಗೆ ಬಂದು, ಎಲ್ಲರಂತೆ ಪಾಳಿ ಹಚ್ಚಿ, ನನ್ನೆದುರು ಕೂತು ಅಂಗಿಯ ಗುಂಡಿ ಬಿಚ್ಚಿದ.

"ಈಗ ನೋಡವ್ವ. ಭಾಳ ದಿನದಿಂದ ಎದಿ ನೋಯ್ತೈತಿ."

"ಮೊದ್ಲ ಯಾಕ ಹೇಳ್ಲಿಲ್ಲ ಮಾವ?"

"ಜಾಮೀನುದಾರಗ ರೋಗ ಐತಿ ಅಂತ ಗೊತ್ತಾದ್ರ, ಬ್ಯಾಂಕಿನೋರು ಬ್ಯಾರೆ ಗಟ್ಟಿ ಆಳನ್ನ ಕರಕೊಂಡು ಬಾ ಅಂತಿದ್ರು. ನಿನಗ ಇನ್ನ ಯಾರದಾರ?"

ಅಂಥ ರೂಲ್ಸು ಯಾವ ಬ್ಯಾಂಕಿನಲ್ಲೂ ಇಲ್ಲವೆಂದು ಹೇಗೆ ಹೇಳಲಿ? "ಇನ್ನ ಮ್ಯಾಗ ನಿನಗ ನಾ ಜಾಮೀನು" ಎಂದು ಅವನ ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟೆ.

"ಮ್ಯಾನೇಜರು ಒಪ್ಪಬೇಕಲ್ಲವ್ವ!" ಎಂದು ಮಾವ ನಕ್ಕುಬಿಟ್ಟ. ಆ ನಗು ಕಿವಿ ತುಂಬ ಕೇಳಿಸಿತು. ನನಗೆ ಅಳು ತಡೆಯಲಾಗಲಿಲ್ಲ.