ಹಂದರದ ಬಸರಿ ಎಲೆ

ಬಚ್ಚಲಲ್ಲಿ ಕಾಲು ಜಾರಿದ್ದು ಲಗಮಣ್ಣನದು, ಗ್ರಹಚಾರ ಕೆಟ್ಟದ್ದು ಮಾತ್ರ ಅವನ ಷಡ್ಡಕ ಧರೆಪ್ಪನದು.

ಅಥಣಿ ಕಡೆಯ ಆ ಮಾವನ ಮನೆಯಲ್ಲಿ ಮದುವೆಯೆಂದರೆ ಹಂದರದ ಮೊದಲ ಕಂಬಕ್ಕೆ ಐದು ಗಿಡಗಳ ಎಲೆ ಕಟ್ಟಬೇಕು. ಮಾವು, ಆಲ, ಅರಳಿ, ಅತ್ತಿ, ಬಸರಿ. ತರಬೇಕಾದವನು ಮನೆಯ ಅಳಿಯ. ಒಂದು ಎಲೆ ತಪ್ಪಿದರೂ ಆ ಲಗ್ನ ಲಗ್ನವೇ ಅಲ್ಲ ಎಂದು ಅತ್ತೆ ಕಸ್ತೂರೆವ್ವ ನಂಬಿದ್ದಳು. ಇಷ್ಟು ವರ್ಷ ಎಲೆ ತಂದು ಗಿಡದ ಪಂಡಿತ ಅನ್ನಿಸಿಕೊಂಡಿದ್ದ ಹಿರಿಯ ಅಳಿಯ ಲಗಮಣ್ಣ, ಈಗ ಪ್ಲಾಸ್ಟರು ಹಾಕಿದ ಕಾಲು ಚಾಚಿಕೊಂಡು ಹೊರಸಿನ ಮೇಲೆ ಕೂತಿದ್ದ. ಸಂಜೆಗೆ ಮೈದುನ ಸಂಜಯನ ಅರಿಷಿಣ.

"ಈ ಸಲ ನೀವ ತರ್ರಿ. ಗಿಡಾ ಗೊತ್ತದಾವಲ್ಲ?" ಎಂದಳು ಅತ್ತೆ.

"ದ್ರಾಕ್ಷಿ ಬೆಳ್ಯಾಂವಗ ಇದೇನ್ ಕೇಳ್ತೀರಿ? ಎಲಿ ನೋಡಿದ್ರ ಸಾಕ್ರಿ," ಎಂದುಬಿಟ್ಟ ಧರೆಪ್ಪ.

ಶುದ್ಧ ಸುಳ್ಳು. ದ್ರಾಕ್ಷಿ ಎಲೆಯ ಮೇಲೆ ಒಂದು ಚುಕ್ಕೆ ಬಿದ್ದರೂ ಯಾವ ರೋಗವೆಂದು ಹೇಳಬಲ್ಲ ಪುಣ್ಯಾತ್ಮನಿಗೆ, ತೋಟದ ಬೇಲಿ ದಾಟಿದರೆ ಹಸಿರಿದ್ದದ್ದೆಲ್ಲ ಬರೀ ಗಿಡ. ಬಾಗಿಲಲ್ಲಿ ಹೆಂಡತಿ ಉಜ್ವಲಾ ಅಂಗಿ ಹಿಡಿದು ನಿಲ್ಲಿಸಿದಳು. "ಅಕ್ಕನ ಗಂಡನ್ನ ಎಲ್ಲಾರೂ ಹೊಗಳ್ತಾರ. ಇವತ್ತರ ನಿಮ್ಮನ್ನ ಹೊಗಳೂದು ಕೇಳಬೇಕ್ರಿ ನಾ. ನಗಿಪಾಟ್ಲ ಮಾಡಬ್ಯಾಡ್ರಿ." ಧರೆಪ್ಪ ಅಂಗಿ ಬಿಡಿಸಿಕೊಂಡು ಗಾಡಿ ಹತ್ತಿದ.

ನಾಲ್ಕು ಎಲೆ ಹೇಗೋ ಸಿಕ್ಕವು. ಆಲಕ್ಕೆ ಬಿಳಲು, ಅರಳಿ ಎಲೆಗೆ ಬಾಲ, ಅತ್ತಿಗೆ ಬೊಡ್ಡೆಯಲ್ಲೇ ಕಾಯಿ. ಬಸರಿಗೇನು ಗುರುತು? ಬಸ್ ಸ್ಟ್ಯಾಂಡಿನಲ್ಲಿ ಕೇಳಿದ. ಒಬ್ಬ ಆ ಕಡೆ ತೋರಿಸಿದ, ಇನ್ನೊಬ್ಬ ಈ ಕಡೆ ತೋರಿಸಿದ, ಇಬ್ಬರೂ ತಮ್ಮತಮ್ಮೊಳಗೇ ಜಗಳಕ್ಕೆ ನಿಂತರು. ದೊಡ್ಡ ದನಿಯವನ ಮಾತು ನಂಬಿ ಒಂದು ಟೊಂಗೆ ತಂದರೆ, ಪಕ್ಕದ ಮನೆಯ ಕುಸುಮ ಕಂಪೌಂಡಿನ ಮೇಲಿಂದಲೇ ಕೂಗಿದಳು. "ಯಪ್ಪಾ, ಹೊಂಗಿ ತಂದಾರ! ಲಗ್ನಾ ಮಾಡಾಕ ಬಂದಾರೋ, ಎಣ್ಣಿ ತಗ್ಯಾಕ ಬಂದಾರೋ?"

ಧರೆಪ್ಪ ಗಾಡಿ ತಿರುಗಿಸಿದ. ರಾಯಬಾಗದ ಹಾದಿಯಲ್ಲಿ, ಗಿಡಗಳಿಗೆ ಹೆಸರಿನ ಬೋರ್ಡು ಹಾಕಿದ ಒಂದು ಉದ್ಯಾನವಿತ್ತು. ಬಾಗಿಲು ಕಾಯುವವನ ಹೆಸರು ಸಮಾಧಾನ. ಅದು ಹೆಸರಿನಲ್ಲಿ ಮಾತ್ರ.

"ಎಲಿ ಹರದ್ರ ದಂಡಾ! ಬರೇ ನೋಡ್ಬೇಕು."

ಧರೆಪ್ಪ ನೋಡಿದ. ಬಸರಿ ಎಂದು ಬೋರ್ಡಿದ್ದ ಗಿಡವನ್ನು ದೇವರ ಮುಂದೆ ನಿಂತವನಂತೆ ನೋಡಿದ. ಉದ್ದ ತೊಟ್ಟು, ಚೂಪು ತುದಿ, ತಾಮ್ರದ ಬಣ್ಣದ ಚಿಗುರು. ಉದುರಿದ ಹಸಿ ಎಲೆಯ ತೊಟ್ಟು ಮುರಿದ, ಹಾಲು ಬಂತು. ತೊಗಟೆ ಎಮ್ಮೆಯ ಮೈಯಂತೆ ಬೂದು, ನುಣುಪು. ಕಣ್ಣು ಮುಚ್ಚಿ ಅಪ್ಪಿಕೊಂಡು ಸವರಿದ. ಬೇವು, ನೇರಳೆ ಎನ್ನದೆ ಬೋರ್ಡಿದ್ದ ಗಿಡಗಳನ್ನೆಲ್ಲ ಹೀಗೆ ಒಂದೊಂದಾಗಿ ಅಪ್ಪಿಕೊಳ್ಳುವಾಗ ಸಮಾಧಾನ ಕೋಲು ಹಿಡಿದು ಓಡಿಬಂದ.

"ಏನ್ರಿ ಅದು, ಗಿಡಾ ಯಾಕ ತಬ್ಕೊಂಡೀರಿ? ಬೀಗರೇನು?"

"ಗುರ್ತ ಹಿಡ್ಯಾಕತ್ತೇನ್ರಿ."

ಮಧ್ಯಾಹ್ನ ಕಳೆಯುವ ಹೊತ್ತಿಗೆ ಅವನು ನಿಜವಾಗಿಯೂ ಕಲಿತಿದ್ದ. ಹಿಂದಿರುಗುವಾಗ ಹಳ್ಳದ ದಂಡೆಯಲ್ಲಿ, ಯಾರೂ ಹೇಳಿಕೊಡದೆ, ಒಂದು ಬಸರಿಯನ್ನು ತಾನೇ ಗುರುತಿಸಿದ. ಎದೆ ಉಬ್ಬಿತು. ಹತ್ತಿದ; ಅಂಗಿ ಹರಿಯಿತು, ಕೆಂಪಿರುವೆ ಕುತ್ತಿಗೆಯ ತುಂಬ ಕಚ್ಚಿದವು. ಕಚ್ಚಲಿ ಬಿಡು ಎಂದುಕೊಂಡ.

ಹಂದರದಲ್ಲಿ ಜನ ಕಾಯುತ್ತಿದ್ದರು. ಕಸ್ತೂರೆವ್ವ ಎಲೆ ತಿರುವಿ ತಿರುವಿ ನೋಡಿದಳು. ಮುಖ ಸಪ್ಪಗಾಯಿತು.

"ಇದು ಬಸರಿ ಅಲ್ಲ."

"ಖರೇನ ಬಸರಿ ಐತ್ರಿ! ಹಾಲ ನೋಡ್ರಿ ಬೇಕಾದ್ರ!"

ಅವಳು ಒಳಗೆ ಹೋಗಿ, ದೇವರ ಜಗಲಿಯ ಮೇಲೆ ತೂಗುಹಾಕಿದ್ದ ಒಣಗಿದ ಎಲೆಗಳ ಕಟ್ಟೊಂದನ್ನು ತಂದು, ಅದರಲ್ಲೊಂದು ಎಲೆ ತೋರಿಸಿದಳು. "ಇದು ನಿಮ್ಮ ಲಗ್ನದ್ದ. ಲಗಮಣ್ಣನವರು ತಂದಿದ್ದು. ಬಸರಿ ಅಂದ್ರ ಹಿಂಗಿರತೈತಿ, ಕಣ್ತುಂಬ ನೋಡ್ರಿ."

ಧರೆಪ್ಪ ನೋಡಿದ. ಒತ್ತೊತ್ತಾದ ನರ, ದಪ್ಪ ಎಲೆ, ಗಿಡ್ಡ ತೊಟ್ಟು. ನೇರಳೆ! ಬೆಳಿಗ್ಗೆಯಾಗಿದ್ದರೆ ತಿಳಿಯುತ್ತಿರಲಿಲ್ಲ, ಈಗ ತಿಳಿಯಿತು. ಸಿಕ್ಕಿಬಿದ್ದೆಯಾ ಪಂಡಿತ ಎಂದು ಲಗಮಣ್ಣನ ಕಡೆ ತಿರುಗಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಪಾಪ, ಹೊರಸಿನ ಮೇಲೆ ಕೂತಲ್ಲೇ ಎರಡೂ ಕೈ ಜೋಡಿಸಿದ್ದ.

ಆ ಜೋಡಿಸಿದ ಕೈಗೆ ಧರೆಪ್ಪ ಕರಗಲಿಲ್ಲ. ಬಾಯಿ ತೆರೆದೂ ಆಗಿತ್ತು. ಅಷ್ಟರಲ್ಲಿ ಅರಿಷಿಣದ ತಟ್ಟೆ ಹಿಡಿದು ನಿಂತ ಉಜ್ವಲಾ ಕಂಡಳು. ಎಲೆ ತಪ್ಪಿದ ಲಗ್ನ ಲಗ್ನವೇ ಅಲ್ಲ ಎಂದು ನಂಬುವ ತಾಯಿಯ ಮಗಳು. ಅವಳ ಕೊರಳಲ್ಲಿದ್ದ ತಾಳಿ ಈ ನೇರಳೆಯ ಎದುರಿಗೇ ಕಟ್ಟಿದ್ದು.

ಧರೆಪ್ಪ ಬಾಯಿ ಮುಚ್ಚಿದ.

"ನಂದ ತಪ್ಪಾತ್ರಿ. ಬಸರಿ ಅಂದ್ರ ಅದ ಖರೆ. ಈಗ ತರ್ತೇನಿ."

"ಹೋಗ್ಲಿ ಬಿಡ್ರಿ," ಎಂದ ಲಗಮಣ್ಣ ಅತ್ತೆಗೆ, ಉಸಿರು ಮರಳಿದವನಂತೆ. "ಗಿಡಾ ಎಲ್ಲಾರಿಗೂ ತಿಳಿಯೂದಿಲ್ಲ. ತಮ್ಮಾ, ಸಾಲಿ ಹಿಂದ ಒಂದ ಐತಿ ನೋಡು."

ಹಂದರ ಗೊಳ್ಳೆಂದು ನಕ್ಕಿತು. ನಗದೆ ಇದ್ದವಳು ಉಜ್ವಲಾ ಒಬ್ಬಳೇ. ಅವಳು ತಟ್ಟೆ ಕೆಳಗಿಟ್ಟು ಒಳಗೆ ಹೋದಳು.

ಧರೆಪ್ಪ ಬಸರಿಯ ಟೊಂಗೆಯನ್ನು ಎಮ್ಮೆಯ ಮುಂದೆ ಹಾಕಿ, ನೇರಳೆ ತರಲು ಹೊರಟ.